ಬೊಂಬಾರ್ಡಿಯೇ ಹಿಮಗಾಡಿಯ ಮಾದರಿ: ಟ್ರ್ಯಾಕ್ ಕೂತಿತು

ಪ್ಲೈವುಡ್ ಮೈ, ಮುಂದಿನ ಎರಡು ಸ್ಕೀ, ಹಿಂಬದಿಯ ಮೋಟಾರು ಮುಗಿದಿವೆ. ಈ ಸಲದ ಕೆಲಸವೆಲ್ಲ ಟ್ರ್ಯಾಕಿನದು, ಅಂದರೆ ಗಾಡಿಯನ್ನು ಹಿಮದ ಮೇಲೆ ಓಡಿಸುವ ಸುತ್ತುಪಟ್ಟಿಯದು. ಇದು ಬೊಂಬಾರ್ಡಿಯೇ ತಯಾರಿಸಿದ ಬಿ-7 ಎಂಬ ಹಿಮಗಾಡಿಯ ಅಳತೆಯ ನಕಲಲ್ಲ. ಕೆನಡಾದ ಕ್ವಿಬೆಕ್‌ನ ವಾಲ್ಕೂರಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ಜೋಸೆಫ್-ಅರ್ಮಾಂ ಬೊಂಬಾರ್ಡಿಯೇ 1937ರಲ್ಲಿ ಪೇಟೆಂಟ್ ಪಡೆದ ಸ್ಪ್ರಾಕೆಟ್ (ಟ್ರ್ಯಾಕನ್ನು ತಿರುಗಿಸುವ ಹಲ್ಲುಚಕ್ರ) ಮತ್ತು ಟ್ರ್ಯಾಕಿನ ಜೋಡಿ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಮಾದರಿ. 1922ರಲ್ಲಿ, ಹದಿನೈದನೇ ವಯಸ್ಸಿನಲ್ಲಿ ಅವರು ಕಟ್ಟಿದ ಮೊದಲ ಗಾಡಿಯನ್ನು ತಳ್ಳಿದ್ದು ಫೋರ್ಡ್ ಇಂಜಿನ್ನಿಗೆ ಜೋಡಿಸಿದ ಮರದ ಪ್ರೊಪೆಲರ್. ಆ ಪ್ರೊಪೆಲರಿಗಿಂತ ಈ ಜೋಡಿಯೇ ಅವರ ನಿಜವಾದ ಸಾಧನೆ ಅನ್ನುವುದು, ಕೈಯಾರೆ ಮಾಡಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ.

ಒಂದೊಂದು ಟ್ರ್ಯಾಕಿಗೆ 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎರಡು ರಬ್ಬರ್ ಬೆಲ್ಟ್. ನಡುವೆ 20 ಮಿ.ಮೀ. ಸಂದು. ಬೆಲ್ಟಿನೊಳಗೆ ಬಟ್ಟೆಯ ಪದರ ಇರಲೇಬೇಕು, ಬರೀ ರಬ್ಬರ್ ಹಿಗ್ಗಿಬಿಡುತ್ತದೆ. ಪಿವಿಸಿ ಬೇಡ, ಚಳಿಗೆ ಸೆಟೆದುಕೊಳ್ಳುತ್ತದೆ. ಸುತ್ತಳತೆ 1000 ಮಿ.ಮೀ.; 20 ಮಿ.ಮೀ.ಗೆ ಒಂದರಂತೆ 50 ಅಲ್ಯೂಮಿನಿಯಂ ಅಡ್ಡಪಟ್ಟಿ, ತಲಾ ನಾಲ್ಕು ರಿವೆಟ್. ತೂತುಗಳನ್ನು ಒಂದರಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬಾರದು. ಪ್ರತಿ ಸಲ ಕಾಲು ಮಿ.ಮೀ. ತಪ್ಪಿದರೂ ಕೊನೆಗೆ 12 ಮಿ.ಮೀ. ದಾಟುತ್ತದೆ. ಎಲ್ಲವನ್ನೂ ಒಂದೇ ತುದಿಯಿಂದ ಅಳೆದು ಗುರುತು ಹಾಕಬೇಕು.

ಹೆಚ್ಚು ತಲೆ ಕೆಡಿಸುವುದು ಸ್ಪ್ರಾಕೆಟ್. ಹತ್ತು ಹಲ್ಲು, 20 ಮಿ.ಮೀ. ಅಂತರ, ಅಂದರೆ ಸುತ್ತಳತೆ 200, ವ್ಯಾಸ 63.7 ಮಿ.ಮೀ. ಈ ವ್ಯಾಸ ಬೆಲ್ಟ್ ಕೂರುವ ಮೇಲ್ಮೈಗಲ್ಲ, ಬೆಲ್ಟಿನ ನಡುದಪ್ಪದಲ್ಲಿರುವ ಬಟ್ಟೆಯ ಪದರಕ್ಕೆ. ಬಾಗಿದಾಗ ಉದ್ದ ಬದಲಾಗದಿರುವುದು ಆ ಪದರ ಒಂದೇ. ಹಾಗಾಗಿ ಮೇಲ್ಮೈಯ ವ್ಯಾಸ 60.7. ಅದನ್ನೇ 63.7 ಮಾಡಿದರೆ ಹಲ್ಲಿಗೆ ಸುಮಾರು 0.9 ಮಿ.ಮೀ. ತಪ್ಪುತ್ತದೆ, ಅರ್ಧ ಸುತ್ತಿನೊಳಗೆ ಅಡ್ಡಪಟ್ಟಿ ಹಲ್ಲಿನ ತುದಿ ಹತ್ತುತ್ತದೆ.

ಬರೀ ಲೋಹದ ಸ್ಪ್ರಾಕೆಟ್ ಒಣನೆಲದಲ್ಲಿ ಚೆನ್ನಾಗಿಯೇ ಓಡುತ್ತದೆ. ಹಿಮದಲ್ಲಿ ಮಾತ್ರ ಹಲ್ಲಿನ ಬುಡದಲ್ಲಿ ಹಿಮ ಗಟ್ಟಿಯಾಗಿ ಮೆತ್ತಿಕೊಂಡು, ವ್ಯಾಸ ಹೆಚ್ಚಿ ಟ್ರ್ಯಾಕ್ ಕಳಚುತ್ತದೆ. ಬೊಂಬಾರ್ಡಿಯೇ ಸ್ಪ್ರಾಕೆಟ್ಟಿಗೆ ರಬ್ಬರ್ ಹೊದಿಸಿದ್ದರು. ಇಲ್ಲಿಯೂ ತಿರುಳನ್ನು 56.7ಕ್ಕೆ ಇಳಿಸಿ 2 ಮಿ.ಮೀ. ರಬ್ಬರ್ ಅಂಟಿಸಿದ ಮೇಲೆ, ಅದು ಅದುಮಿ ಬಿಟ್ಟಾಗಲೆಲ್ಲ ಹಿಮದ ಹೆಪ್ಪು ಒಡೆದು ನಡುವಿನ ಸಂದಿನಿಂದ ಉದುರುತ್ತಿದೆ.

ಟ್ರ್ಯಾಕುಗಳ ಮೇಲಿನ ಭಾರ 2.4 ಕೆ.ಜಿ., ನೆಲಕ್ಕೆ ತಾಗುವ ಬೆಲ್ಟು ಒಟ್ಟು 240 ಚ.ಸೆಂ.ಮೀ.; ಚ.ಸೆಂ.ಮೀ.ಗೆ 10 ಗ್ರಾಂ. ಹೊಸ ಹಿಮದಲ್ಲೂ ಹೂತುಕೊಳ್ಳುತ್ತಿಲ್ಲ. ತಿರುವಿನಲ್ಲಿ ಸ್ಕೀ ಪಕ್ಕಕ್ಕೆ ಜಾರುತ್ತಿದೆ. ಅಡಿಯಲ್ಲಿ ಉದ್ದಕ್ಕೂ 3 ಮಿ.ಮೀ. ಉಕ್ಕಿನ ಕಂಬಿ ಕೂರಿಸುವುದು ಮುಂದಿನ ಕೆಲಸ.