ಸುಝೌ: ಮೊದಲು ಕಲ್ಲಿನ ನಕ್ಷೆ, ಆಮೇಲೆ ಕಾಲುವೆ

ಶಾಂಘೈಗೆ ಹೋದವರು ಬೆಳಿಗ್ಗೆ ಬುಲೆಟ್ ರೈಲು ಹತ್ತಿ ಅರ್ಧ ಗಂಟೆಯಲ್ಲಿ ಕಾಲುವೆಗಳ ಊರಾದ ಸುಝೌ ತಲುಪುತ್ತಾರೆ, ಒಂದು ಉದ್ಯಾನ ನೋಡಿ ಸಂಜೆಗೆ ಮರಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಬಂದುಹೋಗಿದ್ದೆ. ಎರಡನೆಯ ಸಲ ಮೂರು ರಾತ್ರಿ ತಂಗಿದ ಮೇಲೆಯೇ ಆ ಊರು ನನಗೆ ಸಿಕ್ಕಿದ್ದು. ನೀವು ಕನಿಷ್ಠ ಎರಡು ರಾತ್ರಿಯಾದರೂ ಇಟ್ಟುಕೊಳ್ಳಿ.

ಮೊದಲ ದಿನವೇ ಉದ್ಯಾನಗಳಿಗೆ ಓಡಬೇಡಿ. ಮೆಟ್ರೊ 4ನೇ ಮಾರ್ಗದ ಸಾನ್‌ಯುವಾನ್‌ಫಾಂಗ್ ನಿಲ್ದಾಣದಲ್ಲಿ ಇಳಿದು, ಹತ್ತಿರದ ಕನ್‌ಫ್ಯೂಶಿಯಸ್ ಮಂದಿರದಲ್ಲಿರುವ ಶಿಲಾಶಾಸನಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ. 1229ರಲ್ಲಿ ಕಲ್ಲಿನ ಮೇಲೆ ಕೊರೆದ ನಗರದ ನಕ್ಷೆ ಅಲ್ಲಿದೆ. ಆಗ ಊರಿನ ಹೆಸರು ಪಿಂಗ್‌ಜಿಯಾಂಗ್. ಆಳೆತ್ತರವನ್ನೂ ಮೀರಿದ ಆ ಕಲ್ಲಿನಲ್ಲಿ ಬೀದಿ, ಬೀದಿಯ ಮಗ್ಗುಲಲ್ಲೇ ಕಾಲುವೆ, ಸೇತುವೆಗಳು, ಕೋಟೆ ಬಾಗಿಲುಗಳು ಎಲ್ಲವೂ ಮೂಡಿವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿನ ಪೂರ್ವ ಭಾಗದ ಪಿಂಗ್‌ಜಿಯಾಂಗ್ ಬೀದಿಗೆ ಬಂದರೆ, ಸುಮಾರು ಎಂಟುನೂರು ವರ್ಷಗಳ ಹಿಂದೆ ಕೊರೆದ ಗೆರೆಗಳ ಮೇಲೆಯೇ ನಡೆಯುತ್ತಿರುತ್ತೀರಿ.

ಅಲ್ಲಿಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ. ಒಂಬತ್ತರ ನಂತರ ಜನಜಂಗುಳಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀರಿಗೆ ಬೆನ್ನು ಮಾಡಿದ ಮನೆಗಳಿಂದ ಕಲ್ಲಿನ ಮೆಟ್ಟಿಲುಗಳು ಕಾಲುವೆಗೆ ಇಳಿಯುತ್ತವೆ. ನಾನು ಹೋದ ದಿನ ಅಜ್ಜಿಯೊಬ್ಬರು ಕೊನೆಯ ಮೆಟ್ಟಿಲಲ್ಲಿ ಕುಳಿತು ನೆಲ ಒರೆಸುವ ಬಟ್ಟೆ ಜಾಲಿಸುತ್ತಿದ್ದರು. ಅವರ ಪಕ್ಕದ ದಡದ ಕಲ್ಲಿನಲ್ಲಿ ದೋಣಿಯ ಹಗ್ಗ ಕಟ್ಟಲು ಕೊರೆದ ತೂತಿತ್ತು. ಬೆರಳಿಟ್ಟು ನೋಡಿದೆ. ಅದರ ಒಳಅಂಚು ಹಗ್ಗ ತಿಕ್ಕಿ ತಿಕ್ಕಿ ನಯವಾಗಿತ್ತು.

ಇಷ್ಟೊಂದು ನೀರು ಏಕೆ ಎಂಬುದಕ್ಕೆ ಉತ್ತರ ನೆಲದಲ್ಲೇ ಇದೆ. ಪಶ್ಚಿಮಕ್ಕೆ ತಾಯ್‌ಹು ಸರೋವರ, ಉತ್ತರಕ್ಕೆ ಯಾಂಗ್ಟ್ಸೆ ನದಿ, ನಡುವೆ ಸಮುದ್ರ ಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಬಯಲು. ದಾರಿ ತೋರಿಸದಿದ್ದರೆ ನೀರು ನಿಂತು ಊರನ್ನೇ ಕೆಸರು ಮಾಡುತ್ತದೆ. ವೂ ರಾಜ್ಯದ ಹೆಲೂ ದೊರೆಗಾಗಿ ಮಂತ್ರಿ ವೂ ಝಿಶು ಕ್ರಿ.ಪೂ. 514ರಲ್ಲಿ ಈ ಊರು ಕಟ್ಟಿಸಿದನೆಂದು ಚರಿತ್ರೆ ಹೇಳುತ್ತದೆ. 610ರಲ್ಲಿ ಸುಯ್ ವಂಶದ ಚಕ್ರವರ್ತಿ ಯಾಂಗ್, ಚೀನಾದ ಉತ್ತರ-ದಕ್ಷಿಣಗಳನ್ನು ಬೆಸೆಯುವ ಮಹಾಕಾಲುವೆಯ ದಕ್ಷಿಣ ಭಾಗವನ್ನು ಝೆನ್‌ಜಿಯಾಂಗ್ ಊರಿನಿಂದ ಹಾಂಗ್‌ಝೌವರೆಗೆ ತೋಡಿಸಿದ ಮೇಲೆ ದಕ್ಷಿಣದ ಅಕ್ಕಿ ಉತ್ತರಕ್ಕೆ ಸಾಗುವ ಹಾದಿಯಲ್ಲೇ ಸುಝೌ ಬಂತು. ಅಕ್ಕಿ ಮತ್ತು ರೇಷ್ಮೆಯ ವ್ಯಾಪಾರ ತಂದ ಸಿರಿಯಲ್ಲೇ ಇಲ್ಲಿನ ಉದ್ಯಾನಗಳು ಅರಳಿದವು. 1509ರ ಸುಮಾರಿಗೆ ಆರಂಭವಾದ ಝುವೊಝೆಂಗ್ ಉದ್ಯಾನವನ್ನು ಎರಡನೆಯ ದಿನ ನೋಡಿ. ಆಗ ಅದರ ಕೊಳಗಳ ಅರ್ಥ ತಾನಾಗಿ ಹೊಳೆಯುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ರೈಲಿಗೂ ವಸ್ತುಸಂಗ್ರಹಾಲಯಗಳಿಗೂ ಪಾಸ್‌ಪೋರ್ಟ್ ಬೇಕು. ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸಗೊಳಿಸಿದ ಸುಝೌ ಮ್ಯೂಸಿಯಂಗೆ ಪ್ರವೇಶ ಉಚಿತವಾದರೂ ಮೊದಲೇ ಸಮಯ ಕಾಯ್ದಿರಿಸಬೇಕು, ಸೋಮವಾರ ರಜೆ. ಹಣ ಕೊಡುವುದು ಮೊಬೈಲಿನಲ್ಲೇ ಆದ್ದರಿಂದ ಹಣ ಪಾವತಿಯ ಅಲಿಪೇ ಆ್ಯಪ್‌ಗೆ ಕಾರ್ಡನ್ನು ನಿಮ್ಮೂರಿನಲ್ಲೇ ಜೋಡಿಸಿಕೊಂಡು ಹೊರಡಿ. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ದಿನದ ರಜೆ, ಮೇ ದಿನದ ರಜೆ ಎರಡನ್ನೂ ಬಿಟ್ಟುಬಿಡಿ. ಜೂನ್ ಮಧ್ಯದಿಂದ ಬಿಡದೆ ಜಿನುಗುವ ಮಳೆ. ಸಸ್ಯಾಹಾರಿಗಳು ‘ವೋ ಚೀ ಸು’ (ನಾನು ಸಸ್ಯಾಹಾರಿ) ಎಂದು ಹೇಳಲು ಕಲಿತಿರಬೇಕು. ಆದರೂ ಶ್ಯಾವಿಗೆಯ ಸಾರಿನಲ್ಲಿ ಹಂದಿಯ ಕೊಬ್ಬು ಇರುತ್ತದೆ, ವಿಚಾರಿಸಿಯೇ ತಿನ್ನಿ.

ಕೊನೆಯ ಸಂಜೆಯನ್ನು ಬಾವೊದಾಯ್ ಸೇತುವೆಗೆ ಮೀಸಲಿಡಿ. 317 ಮೀಟರ್ ಉದ್ದ, 53 ಕಮಾನುಗಳು. ಗಾಳಿ ಎದುರಾದಾಗ ದೋಣಿಗಳನ್ನು ದಡದಿಂದ ಹಗ್ಗ ಹಿಡಿದು ಎಳೆಯುತ್ತಿದ್ದ ಕೂಲಿಗಳಿಗೆ, ಸರೋವರವೊಂದರ ಬಾಯಿ ಅಡ್ಡ ಬಂದಲ್ಲಿ ನಡೆಯಲು ನೆಲವೇ ಇರಲಿಲ್ಲ. ಅವರ ಕಾಲಿಗೆ ದಾರಿಯಾಗಲೆಂದು ತಾಂಗ್ ರಾಜವಂಶದ ಕಾಲದ ಅಧಿಕಾರಿಯೊಬ್ಬ ತನ್ನ ಸೊಂಟದ ಪಟ್ಟಿಯನ್ನೇ ಮಾರಿ ಹಣ ಕೊಟ್ಟನಂತೆ. ಬಾವೊದಾಯ್ ಎಂದರೆ ‘ಬೆಲೆಬಾಳುವ ಪಟ್ಟಿ’, ಆ ಹೆಸರು ಅದರಿಂದಲೇ ಬಂತು. ಈಗಿರುವುದು ಮುಂದೆ ಮತ್ತೆ ಕಟ್ಟಿದ್ದು. ಅದರ ಮೂರು ಕಮಾನುಗಳನ್ನು ದೊಡ್ಡ ದೋಣಿಗಳಿಗಾಗಿ ಎತ್ತರಿಸಿದ್ದಾರೆ. ಪಕ್ಕದ ಮಹಾಕಾಲುವೆಯಲ್ಲಿ ಸರಕಿನ ದೋಣಿಗಳು ನೀರಿನ ಮಟ್ಟಕ್ಕೆ ಮುಳುಗಿಕೊಂಡು ಇಂದಿಗೂ ಸಾಗುತ್ತವೆ. ಬೆಳಕು ಇರುವಾಗಲೇ ತಲುಪಿ, ಮರಳುವ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.