ಹಗ್ಗ ಇಳಿಸಿದ ಮೇಲೆಯೇ ಮೋಟಾರ್

ತೀರ್ಥಹಳ್ಳಿ ಸುತ್ತಮುತ್ತ ಪಂಪ್ ಇಳಿಸುವುದು, ಎತ್ತುವುದು, ರಿಪೇರಿ ಮಾಡುವುದು ನನ್ನ ಕೆಲಸ. ಈ ಸಲ ಫೆಬ್ರವರಿ ಮುಗಿಯುವ ಮೊದಲೇ ಫೋನ್ ಶುರುವಾಗಿದೆ. ಬೆಳಿಗ್ಗೆ ಮಂಜಿಲ್ಲ, ಹತ್ತು ಗಂಟೆಗೇ ಬಿಸಿಲು ಚುರುಕು, ಹಳ್ಳದ ಹರಿವು ನಿಂತು ಅಲ್ಲಲ್ಲಿ ಗುಂಡಿಯಲ್ಲಿ ಮಾತ್ರ ನೀರಿದೆ. ಎಲ್ಲರದ್ದೂ ಒಂದೇ ಮಾತು, ದೊಡ್ಡ ಮೋಟಾರ್ ಹಾಕಿಕೊಡು ಅಂತ. ಅದಕ್ಕೆ ಹೂಂ ಅಂದು ನಾನು ಮಾಡಿದ ತಪ್ಪನ್ನು ಹೇಳಬೇಕು.

2024ರ ಮಾರ್ಚ್. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಮಂಡಗದ್ದೆ ಕಡೆಯ ಗೌಡರೊಬ್ಬರದ್ದು ಒಂದು ಎಕರೆ ಅಡಿಕೆ, 10 ಅಡಿ ಅಗಲದ ಬಾವಿ, 3 ಎಚ್‌ಪಿ ಮೋಟಾರ್. "ಸ್ಪ್ರಿಂಕ್ಲರ್ ಸರಿಯಾಗಿ ತಿರುಗ್ತಿಲ್ಲ ಮಾರಾಯ, ಐದು ಹಾಕು" ಅಂದರು. ಬಗ್ಗಿ ನೋಡಿದೆ, ನೀರು ಕಂಡಿತು, ಹಾಕಿಬಿಟ್ಟೆ.

ಒಂಬತ್ತನೇ ದಿನ ವೈಂಡಿಂಗ್, ಅಂದರೆ ಮೋಟಾರ್ ಒಳಗಿನ ತಂತಿ ಸುತ್ತು, ಸುಟ್ಟಿತು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ತಾನಾಗಿಯೇ ಮೋಟಾರನ್ನು ಎಬ್ಬಿಸಿದೆ, ಸ್ವಲ್ಪ ಹೊತ್ತಿನಲ್ಲೇ ಬಾವಿ ಖಾಲಿಯಾಗಿದೆ, ಆಮೇಲೆ ಬೆಳಗಿನವರೆಗೂ ಅದು ಬರೀ ಗಾಳಿ ಎಳೆದಿದೆ. ಗಾಳಿ ಎಳೆಯುವಾಗ ಆಂಪಿಯರ್, ಅಂದರೆ ಮೋಟಾರ್ ಎಳೆಯುವ ಕರೆಂಟ್, ಏರುವುದಿಲ್ಲ, ಇಳಿಯುತ್ತದೆ. ಹಾಗಾಗಿ ಕರೆಂಟ್ ಹೆಚ್ಚಾದಾಗ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಗುವುದೇ ಇಲ್ಲ. ಮೊದಲು ಸ್ಪ್ರಿಂಕ್ಲರ್ ಸರಿಯಾಗಿ ತಿರುಗದೆ ಇದ್ದದ್ದೂ ಬಾವಿ ಖಾಲಿಯಾಗುತ್ತಿದ್ದದ್ದಕ್ಕೇ, ಮೋಟಾರಿಗೆ ಶಕ್ತಿ ಕಡಿಮೆಯಾಗಿ ಅಲ್ಲ. ರಿಪೇರಿ ಮುಗಿಯುವಷ್ಟರಲ್ಲಿ ಒಂದು ವಾರ ನೀರು ತಪ್ಪಿ, ಮರದ ಬುಡದ ತುಂಬಾ ಎಳೆ ಅಡಿಕೆ ಮಿಡಿ ಉದುರಿತ್ತು. ಗೌಡರು ಬೈಯಲಿಲ್ಲ. ಆ ಮಿಡಿ ಆರಿಸಿ ಕೈಯಲ್ಲಿ ಹಿಡಿದು ನಿಂತಿದ್ದರು, ಅದನ್ನು ಈಗಲೂ ಮರೆಯಲಾಗಿಲ್ಲ.

ಅವತ್ತು ಕಲ್ಲು ಕಟ್ಟಿದ ಹಗ್ಗ ಇಳಿಸಿ ಅಳೆದೆ. ಗಂಟೆಗೆ ಮೂರು ಇಂಚು ನೀರು ಏರುತ್ತಿತ್ತು. 10 ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರ್, ಅಂದರೆ ಗಂಟೆಗೆ 550, ದಿನಕ್ಕೆ 13,200 ಲೀಟರ್. ಎಕರೆಗೆ ಸುಮಾರು 550 ಮರ, ಬುಡಕ್ಕೆ ಹನಿ ಹನಿಯಾಗಿ ನೀರು ಬಿಡುವ ಡ್ರಿಪ್‌ನಲ್ಲಿ ಬೇಸಿಗೆಗೆ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೂ 11,000 ಸಾಕು. ನೀರು ಇತ್ತು, ಒಂದೇ ಸಲಕ್ಕೆ ಇರಲಿಲ್ಲ ಅಷ್ಟೇ. ಹಳೇ 3 ಎಚ್‌ಪಿಯನ್ನೇ ಮತ್ತೆ ಇಳಿಸಿ, ನೀರು ತಳ ಮುಟ್ಟುವ ಮೊದಲೇ ನಿಲ್ಲಿಸುವ ಲೆವೆಲ್ ಸೆನ್ಸರ್ ಹಾಕಿದೆ. ಸ್ವಲ್ಪ ಸ್ವಲ್ಪವಾಗಿ ಎತ್ತಿ ಟ್ಯಾಂಕ್ ತುಂಬಿಸಿ, ಅಲ್ಲಿಂದ ಡ್ರಿಪ್. ಬುಡಕ್ಕೆ ಅಡಿಕೆ ಸೋಗೆ, ದರಗು (ಒಣ ಎಲೆ) ಮುಚ್ಚಿಗೆ. ರಿಪೇರಿ ದುಡ್ಡು ನಾನು ತೆಗೆದುಕೊಳ್ಳಲಿಲ್ಲ.

ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಮಗೆಂಥ ಬರ ಅಂತ ತುಂಬಾ ಜನ ಕೇಳುತ್ತಾರೆ. ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಓಡಿಹೋಗುತ್ತದಲ್ವಾ, ಮಾರ್ಚ್‌ಗೆ ಬಾವಿಯಲ್ಲಿ ಎಷ್ಟು ಉಳಿಯುತ್ತದೆ?

ಈಗ ಹಗ್ಗ ಇಳಿಸದೆ ನಾನು ಮೋಟಾರ್ ಮಾರುವುದಿಲ್ಲ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಮೊನ್ನೆ ಹೊಸನಗರ ಕಡೆ ಒಬ್ಬ ಅಮ್ಮನ ಬಾವಿಯಲ್ಲಿ ಗಂಟೆಗೆ ಒಂದೇ ಇಂಚು ಏರಿತು. ಈ ವರ್ಷ ಹೊಸ ಸಸಿ ನೆಡೋದು ಬೇಡ ಅಮ್ಮ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅಶ್ವಿನಿ ಮಳೆವರೆಗೆ ಇರೋ ಮರ ಉಳಿಯುತ್ತಲ್ಲಪ್ಪ?" ಅಂತ ಕೇಳಿದರು. ಪಂಪ್‌ಮನೆ ಗೋಡೆ ಮೇಲೆ ಇದ್ದಿಲಲ್ಲಿ ತಾರೀಖು, ನೀರಿನ ಮಟ್ಟ ಬರೆದು ಬಂದಿದ್ದೇನೆ. ಬರುವ ಸೋಮವಾರ ಮತ್ತೆ ಅಳೆಯಲು ಹೋಗಬೇಕು.