ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ನೋಡಿ ಗಂಡೋ ಹೆಣ್ಣೋ ಹೇಳುವಾಗ

8 ಜುಲೈ 2025, ಮಂಗಳವಾರ
ವಿರಾಜಪೇಟೆ

ಮಳೆ ಜೋರಾಗಿದೆ. 2018ರ ಆಗಸ್ಟ್, 2019ರ ತೋರ, 2020ರ ಬ್ರಹ್ಮಗಿರಿ ಭೂಕುಸಿತಗಳನ್ನು ಕಂಡ ಕೊಡಗು ಜಿಲ್ಲೆ ಇದು. ಮಣ್ಣಿನಡಿ ಸಿಕ್ಕವರ ಮುಖ ಗುರುತಾಗದಿದ್ದರೂ ಕೆಳದವಡೆ ಗಟ್ಟಿಮುಟ್ಟಾಗಿ ಉಳಿಯಬಹುದು. ಸತ್ತವರು ಗಂಡೋ ಹೆಣ್ಣೋ ತಿಳಿಯಲು ಸೊಂಟದ ಮೂಳೆ ಸಿಕ್ಕರೆ ಮೊದಲು ಅದನ್ನೇ ನೋಡಬೇಕು. ಸಿಗದಿದ್ದರೆ ದವಡೆಯ ಎಕ್ಸ್‌ರೇ.

ಅಳೆಯುವುದು ಮುಖ್ಯವಾಗಿ ರೇಮಸ್, ಅಂದರೆ ದವಡೆಯ ಹಿಂಬದಿ ಮೇಲೇರುವ ಭಾಗ: ಅದರ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಗಲ, ಕಾಂಡೈಲ್ (ಅದರ ತುದಿಯಲ್ಲಿ ಕೀಲಿಗೆ ಕೂರುವ ಗುಬುಟು) ಎತ್ತರ, ಕೊರೊನಾಯ್ಡ್ (ಅದರ ಮುಂದಿನ ಚೂಪು ತುದಿ) ಎತ್ತರ. ಗಂಡಸರಲ್ಲಿ ಸರಾಸರಿ ಎತ್ತರ ಹೆಚ್ಚು. ಗೋನಿಯಲ್ ಕೋನವನ್ನು, ಅಂದರೆ ದವಡೆಯ ಹಿಂದಿನ ಮೂಲೆಯ ಕೋನವನ್ನು, ನಾವು ಅಷ್ಟು ನಂಬುವುದಿಲ್ಲ. ಗಂಡು, ಹೆಣ್ಣು ಇಬ್ಬರ ಅಳತೆಗಳೂ ಒಂದರೊಳಗೊಂದು ಬೆರೆತಿರುತ್ತವೆ. ಹಲ್ಲು ಉದುರಿದವರಲ್ಲಿ ಮೆಂಟಲ್ ಫೊರಾಮೆನ್‌ನಿಂದ (ಗಲ್ಲದ ಬದಿಯಲ್ಲಿ ನರ ಹೊರಬರುವ ರಂಧ್ರ) ದವಡೆಯ ಕೆಳ ಅಂಚಿನವರೆಗಿನ ದೂರ ಹೆಚ್ಚು ಉಪಯೋಗ, ಏಕೆಂದರೆ ಸವೆಯುವುದು ಮೇಲಂಚು. ಕೆಳ ಕೋರೆಹಲ್ಲಿನ ಅಗಲವೂ ಒಳ್ಳೆಯ ಸುಳಿವೇ, ಆದರೆ ಪಕ್ಕದ ಹಲ್ಲಿಗೆ ಉಜ್ಜಿ ಸವೆದಿದ್ದರೆ ಅಳತೆ ಕುಗ್ಗುತ್ತದೆ.

ಕೆಡುವುದು ಬಹಳಷ್ಟು ಸಲ ಚಿತ್ರ ತೆಗೆಯುವಾಗಲೇ. ತಲೆ ಒಂದಿಷ್ಟು ತಿರುಗಿದರೂ ಒಂದು ರೇಮಸ್ ಅಗಲ, ಇನ್ನೊಂದು ಕಿರಿದು. ಹಾಗಾಗಿ ಎರಡೂ ಬದಿ ಅಳೆಯದೆ ಮುಂದೆ ಹೋಗಬೇಡಿ. ಗಲ್ಲ ತಗ್ಗಿದರೆ ಹಲ್ಲಿನ ಸಾಲು ನಗುವಿನಂತೆ ಬಾಗುತ್ತದೆ, ಎತ್ತಿದರೆ ಚಪ್ಪಟೆ. ಮುಂಹಲ್ಲು ಬೈಟ್ ಬ್ಲಾಕಿನ (ಹಲ್ಲಲ್ಲಿ ಕಚ್ಚಿಸುವ ತುಂಡು) ಗೀರಿಗಿಂತ ಮುಂದಿದ್ದರೆ ಸಣಕಲಾಗಿ ಕಾಣುತ್ತದೆ, ಹಿಂದಿದ್ದರೆ ಅಗಲವಾಗಿ. ಆ ಚಿತ್ರದಲ್ಲಿ ಕೋರೆಹಲ್ಲು ಅಳೆಯುವುದೇ ತಪ್ಪು. ಬರಿ ದವಡೆಯನ್ನು ಸ್ಪಂಜಿನ ಮೇಲೆ ಸಮನಾಗಿ ಕೂರಿಸಿ, ಎಕ್ಸ್‌ರೇ ಯಂತ್ರದ ಕಿಲೋವೋಲ್ಟ್, ಮಿಲಿಆಂಪಿಯರ್ ಇಳಿಸಿ. ಮಾಂಸವಿಲ್ಲದ ಮೂಳೆಗೆ ರೋಗಿಯ ಸೆಟ್ಟಿಂಗ್ ಇಟ್ಟರೆ ಅಂಚೆಲ್ಲ ಕಪ್ಪಾಗಿ ಕರಗುತ್ತದೆ.

ಹಿಗ್ಗುವಿಕೆ ತಿಳಿಯಲು 5 ಮಿ.ಮೀ. ಉಕ್ಕಿನ ಗುಂಡನ್ನು ದವಡೆಯ ಪಕ್ಕಕ್ಕೇ ಮೇಣದಲ್ಲಿ ಅಂಟಿಸಿ. ಚಿತ್ರದಲ್ಲಿ 6 ಮಿ.ಮೀ. ಕಂಡರೆ ಆ ಜಾಗದಲ್ಲಿ ಹಿಗ್ಗಿದ್ದು ಶೇ. 20. ಅಡ್ಡ ಅಳತೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಎತ್ತರದ ಅಳತೆ ಅದಕ್ಕಿಂತ ನಂಬಿಕಸ್ಥ.

ಇನ್ನು ಅಳತೆಗಳಿಂದ ಗಂಡೋ ಹೆಣ್ಣೋ ಲೆಕ್ಕ ಹಾಕುವ ಸೂತ್ರ. ಬೇರೆ ಜನರ ದವಡೆಗಳಿಂದ ಕಟ್ಟಿದ ಸಮೀಕರಣಕ್ಕೆ ಇಲ್ಲಿನ ಅಳತೆ ತುಂಬಿದರೆ ಉತ್ತರ ಬರುತ್ತದೆ, ನಿಜವಿರಬೇಕೆಂದಿಲ್ಲ. ಕೊಡವರು, ಯರವರು, ತೋಟದ ಲೈನ್‌ಮನೆಗಳಿಗೆ ಹೊರರಾಜ್ಯಗಳಿಂದ ಬಂದವರು, ಎಲ್ಲರಿಗೂ ಒಂದೇ ಗಡಿಸಂಖ್ಯೆ ಎಂದು ಹೇಗೆ ಹೇಳುವುದು? ಮಕ್ಕಳ ದವಡೆಗಂತೂ ಈ ವಿಧಾನ ಬೇಡ. ವ್ಯತ್ಯಾಸ ಮೂಡುವುದೇ ಪ್ರಾಯಕ್ಕೆ ಬಂದ ಮೇಲೆ.

ವರದಿಯಲ್ಲಿ ‘ಗಂಡು’ ಎಂದಷ್ಟೇ ಬರೆಯದೆ ‘ಗಂಡಿನ ಸಾಧ್ಯತೆ ಹೆಚ್ಚು’ ಎಂದು ಬರೆದು, ಬಳಸಿದ ಸೂತ್ರವನ್ನೂ ನಮೂದಿಸಿ. ಸಂಶಯ ಉಳಿದರೆ ಹುಳುಕಿಲ್ಲದ ಒಂದು ದವಡೆಹಲ್ಲನ್ನು ಡಿಎನ್‌ಎಗೆ ಕಳಿಸಿ. ಗಂಡು, ಹೆಣ್ಣಿನಲ್ಲಿ ಬೇರೆಯಾಗಿ ಕಾಣುವ ಅಮೆಲೊಜೆನಿನ್ ಜೀನಿನ ಪರೀಕ್ಷೆಗೆ ಹಲ್ಲಿನೊಳಗಿನ ತಿರುಳು ಸಾಕಾಗಬಹುದು.